ಜೀವಕೋಶದ ಏತವೂ ಹತ್ತಿಯ ಗುಲಾಬಿ ಹುಳುವೂ

ಹಾನಗಲ್ಲ ತಾಲೂಕಿನ ಅಕ್ಕಿಆಲೂರು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಸೆರಗಿನ ಪ್ರದೇಶದಲ್ಲಿದೆ. ಆ ಭಾಗದಲ್ಲಿ ಕೆರೆಗಳ ಕೆಳಗೂ ಧರ್ಮಾ ಕಾಲುವೆಯ ಬದಿಗೂ ಭತ್ತವು ಬೆಳೆಯುವದು. ಅಲ್ಲಿಂದ ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆಗೆ ಹೊರಳಿದರೆ ಗೋವಿನಜೋಳವೂ ಹತ್ತಿಯೂ ಮೆಣಸಿನಕಾಯಿಯೂ ಮುಖ್ಯವಾಗುವವು. ಬೆಳೆ ಯಾವುದೇ ಇರಲಿ, ಸಾಗುವಳಿದಾರರ ದೂರು ಮಾತ್ರ ಒಂದೇ ಬಗೆಯದು: ಎಣ್ಣೆ ಹೊಡೆದರೂ ಹುಳ ಸಾಯುವದಿಲ್ಲ, ಹಿಂದಿನ ವರ್ಷ ಗುಣ ಕೊಟ್ಟ ಔಷಧವು ಈ ವರ್ಷ ನೀರಿನಂತಾಗಿದೆ. ಔಷಧದ ಕಲಬೆರಕೆಯೇ ಇದಕ್ಕೆ ಕಾರಣವೆಂದು ಹಲವರು ತಿಳಿಯುವರು. ಪ್ರಮಾಣ ತಪ್ಪಿ ಬೆರೆಸಿದ್ದು ಕಾರಣವೆಂದು ಕೆಲವರು ಹೇಳುವರು. ಇವೆರಡೂ ಕೆಲವೊಮ್ಮೆ ನಿಜವೇ. ಆದರೆ ಶುದ್ಧವಾದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗಲೂ ಅದು ಸೋಲುವ ಸಂದರ್ಭಗಳುಂಟು. ಅಂಥ ಸೋಲಿನ ಮೂಲವನ್ನು ಅಂಗಡಿಯಲ್ಲಿ ಹುಡುಕಿ ಫಲವಿಲ್ಲ. ಅದು ಹುಳುವಿನ ಅಥವಾ ರೋಗದ ಬೂಷ್ಟಿನ ಒಡಲೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಯಂತ್ರವೊಂದರಲ್ಲಿ ಅಡಗಿರುವದು. ಊರ ಗೌಡರೂ ಜಮೀನುದಾರರೂ ಈ ಯಂತ್ರದ ವಿಚಾರವನ್ನು ತಿಳಿದಿರುವದು ಅವಶ್ಯ. ಏಕೆಂದರೆ ಅದರ ವಿರುದ್ಧ ಮಾಡತಕ್ಕ ಉಪಾಯವು ಒಬ್ಬ ರೈತನ ಹೊಲದ ಬದುವಿನೊಳಗೆ ಮುಗಿಯುವಂಥದಲ್ಲ.

ಸಕಲ ಪ್ರಾಣಿಗಳ ಮತ್ತು ಗಿಡಗಳ ಶರೀರವು ಜೀವಕೋಶಗಳೆಂಬ ಸೂಕ್ಷ್ಮವಾದ ಕೋಣೆಗಳಿಂದ ಕಟ್ಟಲ್ಪಟ್ಟಿದೆ. ಪ್ರತಿಯೊಂದು ಕೋಣೆಯ ಸುತ್ತಲೂ ಜಿಡ್ಡಿನಿಂದಾದ ತೆಳುವಾದ ಪೊರೆಯಿರುವದು. ಜಿಡ್ಡಿನಲ್ಲಿ ಕರಗತಕ್ಕ ವಿಷಗಳು ಈ ಪೊರೆಯನ್ನು ಸುಲಭವಾಗಿ ದಾಟುವವು. ಸಾಗುವಳಿಯಲ್ಲಿ ಬಳಸುವ ಕೀಟನಾಶಕಗಳಲ್ಲಿ ಬಹಳಷ್ಟು ಇಂಥವೇ. ಹೀಗೆ ಒಳನುಗ್ಗಿದ ವಿಷವನ್ನು ಹೊರಕ್ಕೆ ಎತ್ತಿ ಹಾಕುವ ಸಲುವಾಗಿ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನಿಂದಾದ ಏತಗಳು ನಾಟಲ್ಪಟ್ಟಿವೆ. ಏತವೆಂಬ ಹೋಲಿಕೆ ಇಲ್ಲಿ ಚೆನ್ನಾಗಿ ಒಪ್ಪುವದು. ಬಾವಿಯ ಏತವು ಒಳಕ್ಕೆ ಬಾಗಿ ನೀರನ್ನು ತುಂಬಿಕೊಂಡು, ಮೇಲೆದ್ದು ಹೊರಗೆ ಸುರಿದು, ಮತ್ತೆ ಒಳಕ್ಕೆ ಬಾಗುವಂತೆಯೇ ಈ ಪ್ರೋಟೀನು ಪೊರೆಯ ಒಳಮುಖವಾಗಿ ಬಾಯ್ದೆರೆದು ವಿಷದ ಕಣವನ್ನು ಹಿಡಿದು, ಹೊರಮುಖವಾಗಿ ತಿರುಗಿ ಅದನ್ನು ಬಿಟ್ಟು, ಮರಳಿ ಒಳಮುಖವಾಗುವದು. ಏತ ತುಳಿಯುವವನಿಗೆ ಹೊಟ್ಟೆಗೆ ಬೇಕಷ್ಟೆ. ಈ ಏತಕ್ಕೂ ಕೂಲಿಯುಂಟು. ಜೀವಕೋಶದಲ್ಲಿ ಶಕ್ತಿಯ ನಾಣ್ಯದಂತೆ ಚಲಾವಣೆಯಾಗುವ ಎ.ಟಿ.ಪಿ. ಎಂಬ ದ್ರವ್ಯವು ಪ್ರತಿ ಸಲದ ಎತ್ತುವಿಕೆಗೂ ಖರ್ಚಾಗುವದು. ಎ.ಟಿ.ಪಿ.ಯನ್ನು ಹಿಡಿಯುವ ಭಾಗವುಳ್ಳವಾದ್ದರಿಂದಲೇ ಈ ಜಾತಿಯ ಏತಗಳಿಗೆ ಎ.ಬಿ.ಸಿ. ವರ್ಗವೆಂದು ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಮನುಷ್ಯನ ಶರೀರದಲ್ಲಿ ಇಂಥವು 48 ಬಗೆ. ಭತ್ತದ ಗಿಡದಲ್ಲಿ ನೂರಕ್ಕೂ ಮಿಕ್ಕಿ ಇವೆ. ಎಲ್ಲವೂ ವಿಷವನ್ನೇ ಎತ್ತುತ್ತವೆಂದಲ್ಲ. ಕೆಲವು ಎಲೆಯ ಮೇಲಿನ ಮೇಣವನ್ನೂ, ಕೆಲವು ಜಿಡ್ಡಿನ ಪದಾರ್ಥಗಳನ್ನೂ ಸಾಗಿಸುವವು. ಗಿಡಗಳಿಗೆ ಪ್ರಾಣಿಗಳಂತೆ ವಿಷವನ್ನು ದೇಹದಿಂದ ಹೊರಹಾಕುವ ಅನುಕೂಲವಿಲ್ಲದ್ದರಿಂದ ಅವು ಅದನ್ನು ಕೋಶದೊಳಗಿನ ಒಂದು ಮೂಲೆಯ ಚೀಲಕ್ಕೆ ತುಂಬಿ ಮುಚ್ಚಿಡುವವು. ಭತ್ತದ ಗಿಡವು ಮಣ್ಣಿನ ಶಂಖಪಾಷಾಣವನ್ನು ಕಾಳಿಗೆ ಏರಗೊಡದೆ ಗೆಣ್ಣಿನಲ್ಲಿಯೇ ತಡೆಹಿಡಿಯುವದೂ ಇಂಥದೊಂದು ಏತದ ಸಹಾಯದಿಂದಲೇ ಎಂದು 2014ರಲ್ಲಿ ತಿಳಿದುಬಂದಿತು.

ಈ ಯಂತ್ರದ ಶೋಧಕ್ಕೆ ನಿಮಿತ್ತವಾದ ವಸ್ತುವು ಕನ್ನಡ ನಾಡಿನ ಬೇಲಿಗಳಲ್ಲಿಯೂ ಇದೆ. ಮಳೆಗಾಲದಲ್ಲಿ ಕೆಂಪು ಹಳದಿ ಎಸಳುಗಳನ್ನು ಉರಿಯ ನಾಲಗೆಯಂತೆ ಮೇಲಕ್ಕೆ ಚೆಲ್ಲಿ ಅರಳುವ ಗೌರಿ ಹೂವಿನ ಬಳ್ಳಿಯನ್ನು, ಅಂದರೆ ಅಗ್ನಿಶಿಖೆಯನ್ನು, ಕಾಣದವರಾರು? ಅದರ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರವಾದ ವಿಷವುಂಟು. ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಜೂಲಿಯಾನೋ ಮತ್ತು ಲಿಂಗ್ ಎಂಬ ಇಬ್ಬರು ಶಾಸ್ತ್ರಜ್ಞರು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಈ ಕಾಲ್ಚಿಸಿನ್ ವಿಷಕ್ಕೆ ಸಾಯದೆ ಉಳಿದ ಕೋಶಗಳನ್ನು ಪರೀಕ್ಷಿಸಿದರು. ಆ ಕೋಶಗಳು ತಾವು ಎಂದೂ ಕಂಡರಿಯದ ಬೇರೆ ಬೇರೆ ಔಷಧಗಳನ್ನೂ ತಾಳಿಕೊಳ್ಳುತ್ತಿದ್ದವೆಂಬದೇ ಆಶ್ಚರ್ಯದ ಸಂಗತಿ. ಅವುಗಳ ಪೊರೆಯಲ್ಲಿ ದೊಡ್ಡದೊಂದು ಪ್ರೋಟೀನು ಹೇರಳವಾಗಿರುವದನ್ನು ಅವರು 1976ರಲ್ಲಿ ಪ್ರಕಟಿಸಿ, ಅದಕ್ಕೆ ಪಿ-ಗ್ಲೈಕೋಪ್ರೋಟೀನು ಎಂದು ಹೆಸರಿಟ್ಟರು. ಒಂದೇ ಏತವು ಹತ್ತಾರು ಬಗೆಯ ವಿಷಗಳನ್ನು ಎತ್ತಿ ಹಾಕಬಲ್ಲದೆಂಬದು ಅಲ್ಲಿಂದ ಮುಂದೆ ಸ್ಪಷ್ಟವಾಯಿತು. ಅರ್ಬುದ ರೋಗಕ್ಕೆ ಕೊಡುವ ಔಷಧಗಳು ಕೆಲವು ರೋಗಿಗಳಲ್ಲಿ ನಾಟದಿರುವದಕ್ಕೆ ಇದೂ ಒಂದು ಕಾರಣವಾಗಿದೆ.

ಏತವಿಲ್ಲದಿದ್ದರೆ ಏನಾಗುವದೆಂಬದಕ್ಕೆ ದನಕರುಗಳುಳ್ಳವರು ಲಕ್ಷ್ಯಗೊಡತಕ್ಕ ದೃಷ್ಟಾಂತವೊಂದಿದೆ. ದನಗಳ ಮೈಹುಳು, ಹೊಟ್ಟೆಹುಳುಗಳಿಗೆ ಪಶುವೈದ್ಯರು ಐವರ್‌ಮೆಕ್ಟಿನ್ ಎಂಬ ಔಷಧವನ್ನು ಕೊಡುವದುಂಟು. ಹಾಲೆಂಡ್ ದೇಶದ ಆಮ್‌ಸ್ಟರ್‌ಡ್ಯಾಮಿನಲ್ಲಿ ಪಿ-ಗ್ಲೈಕೋಪ್ರೋಟೀನು ಇಲ್ಲದಂತೆ ಹುಟ್ಟಿಸಿದ ಇಲಿಗಳನ್ನು ಸಾಕಿದ್ದರು. ಇಲಿಗಳ ಮೈಗೆ ಹೇನಿನಂಥ ಹುಳು ಹತ್ತಿದ್ದರಿಂದ ಎಲ್ಲಕ್ಕೂ ಈ ಔಷಧವನ್ನು ಸಿಂಪಡಿಸಲಾಯಿತು. ಸಾಧಾರಣ ಇಲಿಗಳಿಗೆ ಏನೂ ಆಗಲಿಲ್ಲ; ಏತವಿಲ್ಲದ ಇಲಿಗಳು ಸತ್ತುಬಿದ್ದವು. ವಿಷವು ಮಿದುಳಿಗೆ ಹೋಗದಂತೆ ಕಾವಲಿದ್ದದ್ದು ಆ ಏತವೇ ಎಂಬದು ಹೀಗೆ 1994ರಲ್ಲಿ ಜಗತ್ತಿಗೆ ತಿಳಿಯಿತು. ಕಾಲಿ ಎಂಬ ವಿಲಾಯತಿ ಕುರಿನಾಯಿಯ ತಳಿಯಲ್ಲಿ ಅನೇಕ ನಾಯಿಗಳಿಗೆ ಹುಟ್ಟಿನಿಂದಲೇ ಈ ಏತವು ಕೆಟ್ಟಿರುವದೆಂದು 2001ರಲ್ಲಿ ಗೊತ್ತಾಯಿತು. ದನಕ್ಕೆಂದು ತಂದ ಔಷಧದಲ್ಲಿ ಉಳಿದದ್ದನ್ನು ಪಶುವೈದ್ಯರನ್ನು ಕೇಳದೆ ನಾಯಿಗೆ ಹಾಕುವ ರೂಢಿಯು ಎಷ್ಟು ಅಪಾಯಕರವೆಂಬದನ್ನು ಇದರಿಂದ ಊಹಿಸಿಕೊಳ್ಳಬಹುದು.

ಇನ್ನು ಬೆಳೆಗಳ ವಿಚಾರ. ಮೋಡ ಕವಿದ ಹಗಲು, ಮಂಜು ಬೀಳುವ ತಂಪು ರಾತ್ರಿ, ಅತಿಯಾಗಿ ಹಾಕಿದ ಯೂರಿಯಾ, ಇವು ಮೂರೂ ಕೂಡಿದಲ್ಲಿ ಭತ್ತಕ್ಕೆ ಬೆಂಕಿ ರೋಗವು ತಪ್ಪದು. ಎಲೆಯ ಮೇಲೆ ಕದಿರಿನ ಆಕಾರದ, ನಡುವೆ ಬೂದು ಬಣ್ಣದ ಚುಕ್ಕೆಗಳೆದ್ದು, ಮುಂದೆ ತೆನೆಯ ಕುತ್ತಿಗೆಯೇ ಕಪ್ಪಾಗಿ ಮುರಿದು ಕಾಳು ಜೊಳ್ಳಾಗುವದನ್ನು ಹಾನಗಲ್ಲ ಸೀಮೆಯ ಭತ್ತದ ಸಾಗುವಳಿದಾರರಿಗೆ ವಿವರಿಸಿ ಹೇಳಬೇಕಾದದ್ದಿಲ್ಲ. ಈ ರೋಗದ ಶಿಲೀಂಧ್ರದ ಬೀಜಕಣವು ಎಲೆಯ ಮೇಲೆ ಬಿದ್ದೊಡನೆ ಅಂಟಿಕೊಂಡು, ಗುಮ್ಮಟದಂಥ ಒಂದು ಅಂಗವನ್ನು ಕಟ್ಟಿ, ಅದರೊಳಗೆ ಮೋಟಾರು ಗಾಡಿಯ ಗಾಲಿಯೊಳಗಿನ ಗಾಳಿಯ ಒತ್ತಡಕ್ಕಿಂತ ನಾಲ್ವತ್ತು ಪಟ್ಟು ಒತ್ತಡವನ್ನು ಹುಟ್ಟಿಸಿ, ಮೊಳೆ ಹೊಡೆದಂತೆ ಎಲೆಯನ್ನು ತೂತು ಮಾಡುವದು. ಭತ್ತದ ಗಿಡವೂ ಸುಮ್ಮನಿರುವದಿಲ್ಲ. ವೈರಿಯು ಒಳಬಂದ ಕೂಡಲೆ ತನ್ನದೇ ಆದ ವಿಷದ್ರವ್ಯಗಳನ್ನು ತಯಾರಿಸಿ ಎದುರಿಸುವದು. ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಈ ಶಿಲೀಂಧ್ರದ ಒಂದು ಏತವನ್ನು ಕೆಡಿಸಿ ನೋಡಲಾಗಿ, ಶಿಲೀಂಧ್ರವು ಎಂದಿನಂತೆ ಎಲೆಯನ್ನು ತೂತು ಮಾಡಿ ಒಳಹೊಕ್ಕಿತು; ಆದರೆ ಹೊಕ್ಕ ಸ್ವಲ್ಪ ಹೊತ್ತಿನಲ್ಲಿಯೇ ಸತ್ತಿತು. 1999ರಲ್ಲಿ ಪ್ರಕಟವಾದ ಈ ಪ್ರಯೋಗವು ಮುಖ್ಯವಾದುದು. ಬಾಗಿಲು ಮುರಿಯುವ ಬಲವೊಂದಿದ್ದರೆ ಕಳ್ಳನಿಗೆ ಸಾಲದು, ಮನೆಯೊಳಗಿನ ಹೊಗೆಯನ್ನು ಹೊರಹಾಕುವ ಉಪಾಯವೂ ಅವನಿಗೆ ಬೇಕೆಂಬದು ಅದರಿಂದ ಸಿದ್ಧವಾಯಿತು.

ಗಿಡದ ವಿಷವನ್ನು ಎದುರಿಸಲು ಬಳಸುವ ಏತವನ್ನೇ ಶಿಲೀಂಧ್ರಗಳು ಮನುಷ್ಯನ ಔಷಧದ ವಿರುದ್ಧವೂ ಬಳಸಬಲ್ಲವು. ಫ್ರಾನ್ಸ್ ಮತ್ತು ಜರ್ಮನಿಗಳ ದ್ರಾಕ್ಷಿ ತೋಟಗಳಲ್ಲಿ ಬೂದು ಬೂಷ್ಟು ರೋಗದ ಶಿಲೀಂಧ್ರವು ತನ್ನ ಏತಗಳ ಸಂಖ್ಯೆಯನ್ನೇ ವಿಪರೀತವಾಗಿ ಹೆಚ್ಚಿಸಿಕೊಂಡು, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಔಷಧಗಳಿಂದ ಏಕಕಾಲಕ್ಕೆ ಪಾರಾಗುತ್ತಿದ್ದುದು 2009ರಲ್ಲಿ ಬೆಳಕಿಗೆ ಬಂದಿತು. ಔಷಧದ ಅಂಗಡಿಯಲ್ಲಿ ಹೊಸ ಹೆಸರಿನ ಬಾಟಲಿಯನ್ನು ಕೇಳಿ ತರುವದರಿಂದಲೇ ಔಷಧವನ್ನು ಬದಲಿಸಿದಂತಾಯಿತೆಂದು ತಿಳಿಯುವವರು ಇದನ್ನು ಗಮನಿಸತಕ್ಕದ್ದು. ಹೆಸರು ಬೇರೆಯಾದರೂ ಒಳಗಿನ ದ್ರವ್ಯವು ಅದೇ ಗುಂಪಿನದಾಗಿರುವದು ಸಾಮಾನ್ಯ. ಗುಂಪು ಬೇರೆಯಾದಾಗಲೂ ಏತವು ಬಲವಾಗಿದ್ದರೆ ಗುಣ ಸಿಕ್ಕುವದು ನಿಶ್ಚಯವಿಲ್ಲ. ಔಷಧಕ್ಕೆ ಹುಳು ಹಾಗೂ ಬೂಷ್ಟುಗಳು ಒಗ್ಗಿಕೊಳ್ಳುವದಕ್ಕೆ ಏತವೊಂದೇ ಕಾರಣವೆಂದೂ ಅಲ್ಲ. ವಿಷವನ್ನು ಹೊಟ್ಟೆಯಲ್ಲಿಯೇ ಒಡೆದು ಜೀರ್ಣಿಸುವ ರಸಗಳೂ, ವಿಷವು ತಗಲುವ ಮರ್ಮಸ್ಥಾನವೇ ಮಾರ್ಪಡುವದೂ ಅನೇಕ ವೇಳೆ ಇದಕ್ಕಿಂತ ದೊಡ್ಡ ಕಾರಣಗಳಾಗಿರುತ್ತವೆ.

ಆದರೆ ಏತಗಳ ಕಥೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದುದೂ, ಈ ಭಾಗದ ಜನಕ್ಕೆ ಎಲ್ಲಕ್ಕಿಂತ ಹೆಚ್ಚು ಹಾನಿಯನ್ನು ತಟ್ಟಿಸಿದುದೂ ಹತ್ತಿಯ ಗುಲಾಬಿ ಕಾಯಿಕೊರಕದ ಪ್ರಕರಣವಾಗಿದೆ. ಅದರಲ್ಲಿ ವೈರಿಯು ಏತವನ್ನು ಬೆಳೆಸಿ ಗೆಲ್ಲಲಿಲ್ಲ. ಇದ್ದ ಏತವನ್ನು ಕಿತ್ತುಹಾಕಿ ಗೆದ್ದಿತು.

ಈ ಹುಳುವು ಭಾರತಕ್ಕೆ ಹೊಸದಲ್ಲ. 1842ರಲ್ಲಿ ಗುಜರಾತದ ಭರೂಚದಲ್ಲಿ ಹತ್ತಿಯನ್ನು ಹಾಳುಮಾಡಿದ ಹುಳುಗಳನ್ನು ನೋಡಿ ಸಾಂಡರ್ಸ್ ಎಂಬ ಇಂಗ್ಲಿಷ್ ವಿದ್ವಾಂಸನು ಮರುವರ್ಷ ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಪತಂಗವು ಮೊಗ್ಗು ಕಾಯಿಗಳ ಮೇಲೆ ಮೊಟ್ಟೆಯಿಡುವದು. ಮರಿಹುಳುವು ಎಳೆಗಾಯಿಯನ್ನು ಕೊರೆದು ಒಳಹೊಕ್ಕ ಮೇಲೆ ತೂತು ಮುಚ್ಚಿಕೊಳ್ಳುವದರಿಂದ ಹೊರಗಿನಿಂದ ಕಾಯಿ ಸುಸ್ಥಿತಿಯಲ್ಲಿಯೇ ಕಾಣುವದು. ಒಳಗೆ ಹುಳು ಬೀಜವನ್ನು ತಿಂದು ಅರಳೆಗೆ ಕಲೆ ಹಿಡಿಸುವದು. ಕಾಯಿಯೊಳಗಿನ ಹುಳುವಿಗೆ ಸಿಂಪರಣೆ ತಲಪುವದಿಲ್ಲ. ಈ ಕಾರಣದಿಂದಲೇ ಗಿಡದೊಳಗೇ ವಿಷವಿರುವ ಬಿ.ಟಿ. ಹತ್ತಿಯು ಬಂದಾಗ ಅದಕ್ಕೆ ಅಷ್ಟು ಸ್ವಾಗತ ದೊರೆಯಿತು. ಅದಕ್ಕೆ ಮೊದಲೇ ಹೈಬ್ರಿಡ್ ಹತ್ತಿಯ ವಿಷಯದಲ್ಲಿ ಧಾರವಾಡ ಸೀಮೆಯು ಮುಂದಾಗಿತ್ತು. ಡಾಕ್ಟರ್ ಕಾತರಕಿಯವರು ಧಾರವಾಡದಲ್ಲಿ ಸಾಧಿಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ 1972ರಲ್ಲಿ ಹೊರಬಂದು ದೇಶಕ್ಕೆಲ್ಲ ಹೆಸರಾಯಿತು. ಹಾವೇರಿ, ರಾಣೆಬೆನ್ನೂರುಗಳ ಕಡೆ ಹೈಬ್ರಿಡ್ ಬೀಜವನ್ನೇ ಉತ್ಪಾದಿಸುವ ಕುಶಲರಾದ ರೈತರು ಇದ್ದಾರೆ. ಬಿ.ಟಿ. ಹತ್ತಿಗೆ ಭಾರತ ಸರಕಾರದ ಅನುಮತಿಯು 2002ರ ಮಾರ್ಚ್ ತಿಂಗಳಲ್ಲಿ ದೊರೆಯಿತು. ಕರ್ನಾಟಕವೂ ಮೊದಲ ರಾಜ್ಯಗಳಲ್ಲೊಂದಾಗಿತ್ತು. 2006ರಲ್ಲಿ ಎರಡು ವಿಷಗಳುಳ್ಳ ಎರಡನೆಯ ಬಗೆಯು ಬಂದಿತು.

ಆ ವಿಷಗಳು ಕೆಲಸ ಮಾಡುವ ರೀತಿ ಹೀಗೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಜೀವಿಯ ಪ್ರೋಟೀನನ್ನು ಹತ್ತಿಯ ಗಿಡವು ತಾನೇ ತಯಾರಿಸುವಂತೆ ಮಾಡಲಾಗಿದೆ. ಹುಳು ಅದನ್ನು ತಿಂದಾಗ ಕರುಳಿನ ಕ್ಷಾರರಸದಲ್ಲಿ ಕರಗಿ, ಕತ್ತರಿಸಲ್ಪಟ್ಟು, ಹರಿತವಾಗುವದು. ಅನಂತರ ಅದು ಕರುಳಿನ ಕೋಶಗಳ ಪೊರೆಯನ್ನು ಹಿಡಿದು ತೂತು ಮಾಡಬೇಕು. ಹಿಡಿಯಲಿಕ್ಕೆ ಪೊರೆಯ ಮೇಲೆ ಏನಾದರೂ ಒಂದು ಕೊಂಡಿ ಬೇಕಷ್ಟೆ. ಆ ಕೊಂಡಿಗಳಲ್ಲೊಂದು ಮೇಲೆ ವಿವರಿಸಿದ ಎ.ಬಿ.ಸಿ. ವರ್ಗದ ಏತವೇ ಆಗಿದೆ! ಯಾವ ಏತವು ಹುಳುವಿನ ಕೋಶಗಳ ಸೇವೆಗಾಗಿ ಪೊರೆಯಲ್ಲಿ ನಿಂತಿದೆಯೋ ಅದನ್ನೇ ಬಿ.ಟಿ. ವಿಷವು ಹಿಡಿಗೂಟವನ್ನಾಗಿ ಮಾಡಿಕೊಂಡು ಕರುಳನ್ನು ಹರಿಯುವದು. ಈ ಸಂಬಂಧವು ಮೊದಲು 2010ರಲ್ಲಿ, ಅಮೆರಿಕೆಯ ತಂಬಾಕಿನ ಮೊಗ್ಗು ಕೊರೆಯುವ ಒಂದು ಹುಳುವಿನಲ್ಲಿ ಪತ್ತೆಯಾಯಿತು.

ಇಂಥ ವಿಷಕ್ಕೆ ಹುಳುವು ಕಂಡುಕೊಂಡ ಉಪಾಯವು ಸರಳವಾದುದು. ಕೋಟ್ಯವಧಿ ಹುಳುಗಳಲ್ಲಿ ಎಲ್ಲೋ ಕೆಲವು ಹುಟ್ಟುವಾಗಲೇ ಕೆಟ್ಟ ಏತದೊಡನೆ ಹುಟ್ಟಿರುತ್ತವೆ. ವಿಷವಿಲ್ಲದ ಗಿಡದ ಮೇಲೆ ಅವಕ್ಕೆ ವಿಶೇಷ ಲಾಭವೇನೂ ಇಲ್ಲ. ಆದರೆ ಊರಿಗೆ ಊರೇ ಬಿ.ಟಿ. ಹತ್ತಿಯಾದಾಗ, ಕೊಂಡಿಯುಳ್ಳ ಹುಳುಗಳೆಲ್ಲ ಸತ್ತು, ಕೊಂಡಿಯಿಲ್ಲದ ಈ ಹುಳುಗಳೇ ಉಳಿದು ಸಂತತಿಯನ್ನು ಬೆಳೆಸುವವು. ಭಾರತದಲ್ಲಿ ಹೀಗೆಯೇ ಆಯಿತು. ಮೊದಲನೆಯ ವಿಷಕ್ಕೆ ಬಗ್ಗದ ಗುಲಾಬಿ ಹುಳುಗಳು 2008ರಲ್ಲಿ ಗುಜರಾತದ ಅಮ್ರೇಲಿಯಲ್ಲಿ ಸಂಗ್ರಹಿಸಿದವುಗಳಲ್ಲಿ ಕಂಡುಬಂದವು. ಅಲ್ಲಿ ಕೆಟ್ಟಿದ್ದದ್ದು ಏತವಲ್ಲ, ಕ್ಯಾಡ್‌ಹೆರಿನ್ ಎಂಬ ಬೇರೊಂದು ಕೊಂಡಿ. ಎರಡನೆಯ ವಿಷಕ್ಕೂ ಬಗ್ಗದ ಹುಳುಗಳು 2014-15ರ ಹೊತ್ತಿಗೆ ಮಧ್ಯ ಮತ್ತು ದಕ್ಷಿಣ ಭಾರತದಲ್ಲಿ ಹರಡಿಕೊಂಡವು. ಭಾರತದ ಹೊಲಗಳಿಂದ ತಂದ ಇಂಥ ಹುಳುಗಳನ್ನೂ, ಅಮೆರಿಕೆಯ ಆರಿಜೋನಾ ರಾಜ್ಯದ ಪ್ರಯೋಗಶಾಲೆಯಲ್ಲಿ ಬೇಕೆಂದೇ ವಿಷ ತಿನ್ನಿಸಿ ಒಗ್ಗಿಸಿದ ಹುಳುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದಾಗ ಎರಡರಲ್ಲಿಯೂ ಎ.ಬಿ.ಸಿ.ಎ. 2 ಎಂಬ ಒಂದೇ ಏತವು ಕೆಟ್ಟಿರುವದು 2018ರಲ್ಲಿ ತಿಳಿದುಬಂದಿತು. ಕೆಟ್ಟ ರೀತಿಯೂ ಬಹುಮಟ್ಟಿಗೆ ಒಂದೇ: ಏತವನ್ನು ಕಟ್ಟುವ ಬರಹದಲ್ಲಿ ಆರನೆಯ ತುಣುಕು ಬಿಟ್ಟುಹೋಗಿತ್ತು.

ಹುಳು ಒಂದೇ, ಕೆಟ್ಟ ಏತವೂ ಒಂದೇ; ಆದರೂ ಎರಡು ದೇಶಗಳ ಹತ್ತಿಯ ಗತಿ ಮಾತ್ರ ಬೇರೆ ಬೇರೆಯಾಯಿತು. ಆರಿಜೋನಾದಲ್ಲಿ 1996ರಿಂದ ಬಿ.ಟಿ. ಹತ್ತಿಯನ್ನು ಬೆಳೆದರೂ ಹೊಲಗಳಲ್ಲಿ ಹುಳು ಅದಕ್ಕೆ ಒಗ್ಗಲಿಲ್ಲ. 2006ರಿಂದ ಸಂತಾನಶಕ್ತಿ ಇಲ್ಲದಂತೆ ಮಾಡಿದ ಪತಂಗಗಳನ್ನು ವಿಮಾನದಿಂದ ಬಿಟ್ಟು, 2018ರಲ್ಲಿ ಅಮೆರಿಕೆಯ ಹತ್ತಿ ಸೀಮೆಯಿಂದ ಗುಲಾಬಿ ಹುಳುವು ನಿರ್ಮೂಲವಾಯಿತೆಂದು ಅಲ್ಲಿಯ ಸರಕಾರವು ಸಾರಿತು. ಈ ಅಂತರಕ್ಕೆ ಮುಖ್ಯವಾದ ಕಾರಣವನ್ನು ತಿಳಿಯಬೇಕಾದರೆ ಏತದ ಆನುವಂಶಿಕ ಗುಣವನ್ನು ಸ್ವಲ್ಪ ನೋಡಬೇಕು. ಪ್ರತಿಯೊಂದು ಹುಳುವಿಗೂ ಏತದ ಬರಹವು ತಾಯಿಯಿಂದೊಂದು, ತಂದೆಯಿಂದೊಂದು, ಹೀಗೆ ಜೋಡಿಯಾಗಿ ಬರುವದು. ಎರಡರಲ್ಲಿ ಒಂದು ಸರಿಯಿದ್ದರೂ ಏತವು ತಯಾರಾಗುವದು. ಏತವಿದ್ದರೆ ವಿಷಕ್ಕೆ ಹಿಡಿಗೂಟ ಸಿಕ್ಕುವದು. ಆದ್ದರಿಂದ ಅಂಥ ಹುಳು ಹೆಚ್ಚಾಗಿ ಸಾಯುವದು. ಎರಡೂ ಕೆಟ್ಟಾಗ ಮಾತ್ರ ಹುಳು ಬದುಕುವದು. ಬಿ.ಟಿ. ಹೊಲದಲ್ಲಿ ಬದುಕಿ ಉಳಿದ ಕೆಟ್ಟ ಏತದ ಪತಂಗವೊಂದು ತನ್ನಂಥದೇ ಪತಂಗದೊಡನೆ ಕೂಡಿದರೆ ಮರಿಗಳೆಲ್ಲ ವಿಷಕ್ಕೆ ಬಗ್ಗದವಾಗುವವು. ಅದರ ಬದಲು, ಪಕ್ಕದ ಸಾದಾ ಹತ್ತಿಯ ಸಾಲುಗಳಲ್ಲಿ ಬೆಳೆದ ಒಳ್ಳೆಯ ಏತದ ಪತಂಗದೊಡನೆ ಕೂಡಿದರೆ ಮರಿಗಳೆಲ್ಲ ಬಿ.ಟಿ. ಕಾಯಿಯನ್ನು ತಿಂದ ಕೂಡಲೆ ಸಾಯತಕ್ಕವೇ. ಸಾದಾ ಹತ್ತಿಯ ಸಾಲುಗಳನ್ನು ಹುಳುವಿಗೆ ದಾನ ಬಿಟ್ಟಂತೆ ಎಂದು ತಿಳಿದವರು ಅನೇಕರು. ವಾಸ್ತವದಲ್ಲಿ ಆ ಸಾಲುಗಳು ಬಿ.ಟಿ. ಹತ್ತಿಗೆ ಕಟ್ಟುವ ವಿಮೆಯ ಕಂತಿನಂತೆ ಇದ್ದವು.

ಭಾರತದಲ್ಲಿಯೂ ನಿಯಮವಿರಲಿಲ್ಲವೆಂದಲ್ಲ. ಬಿ.ಟಿ. ಹೊಲದ ಸುತ್ತಲೂ ಐದು ಸಾಲುಗಳನ್ನಾಗಲಿ, ಕ್ಷೇತ್ರದ ಶೇಕಡಾ 20 ಭಾಗವನ್ನಾಗಲಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಸಾದಾ ಹತ್ತಿಗೆ ಮೀಸಲಿಡಬೇಕೆಂದು ವಿಧಿಸಿ, 450 ಗ್ರಾಂ ಬಿ.ಟಿ. ಬೀಜದೊಡನೆ 120 ಗ್ರಾಂ ಸಾದಾ ಬೀಜದ ಚಿಕ್ಕ ಪೊಟ್ಟಣವನ್ನು ಕೊಡಲಾಗುತ್ತಿತ್ತು. ಆ ಪೊಟ್ಟಣವು ಎಷ್ಟೋ ಹೊಲಗಳಲ್ಲಿ ಮಣ್ಣನ್ನೇ ಕಾಣಲಿಲ್ಲ. ಇದಕ್ಕೆ ರೈತರನ್ನೊಬ್ಬರನ್ನೇ ದೂಷಿಸುವದು ನ್ಯಾಯವಲ್ಲ. ಎರಡು ಮೂರು ಎಕರೆಯ ಒಡೆಯನಿಗೆ ಐದನೆಯ ಒಂದು ಭಾಗವನ್ನು ಹುಳುವಿನ ಬಾಯಿಗೆ ಕೊಡೆಂದು ಹೇಳುವದು ಸುಲಭ; ಅದರ ಕಾರಣವನ್ನು ಅವನಿಗೆ ತಿಳಿಯುವಂತೆ ಬಿಡಿಸಿ ಹೇಳಿದವರು ಕಡಿಮೆ. ಬಳಿಕ ಸಾದಾ ಬೀಜವನ್ನು ಬಿ.ಟಿ. ಬೀಜದೊಡನೆ ಚೀಲದಲ್ಲಿಯೇ ಬೆರೆಸಿ ಕೊಡುವ ಪದ್ಧತಿಯು ಬಂದಿತು. ಅಷ್ಟರಲ್ಲಿ ಹುಳು ಒಗ್ಗಿಯಾಗಿತ್ತು.

ಇನ್ನೊಂದು ಕಾರಣವು ಹೈಬ್ರಿಡ್ ಬೀಜದಲ್ಲಿಯೇ ಇದೆ. ಹೈಬ್ರಿಡ್ ಗಿಡಕ್ಕೆ ಬಿ.ಟಿ. ಗುಣವು ಸಾಮಾನ್ಯವಾಗಿ ಒಂದೇ ಕಡೆಯ ತಳಿಯಿಂದ ಬಂದಿರುವದರಿಂದ ಆ ಗಿಡದ ಕಾಯಿಯಲ್ಲಿರುವ ಬೀಜಗಳೆಲ್ಲ ಒಂದೇ ಸಮನಾಗಿರುವದಿಲ್ಲ. ಎರಡು ವಿಷಗಳ ಗಿಡದಲ್ಲಿ ಸರಾಸರಿ 16 ಬೀಜಗಳಿಗೆ 9ರಲ್ಲಿ ಎರಡೂ ವಿಷಗಳು, 6ರಲ್ಲಿ ಯಾವುದಾದರೊಂದು, 1ರಲ್ಲಿ ಯಾವುದೂ ಇಲ್ಲ. ಗುಲಾಬಿ ಹುಳುವು ತಿನ್ನುವದು ಬೀಜವನ್ನೇ ಆದ್ದರಿಂದ ಅದಕ್ಕೆ ಒಂದೇ ಕಾಯಿಯೊಳಗೆ ವಿಷದ ಹಲವು ಮೆಟ್ಟಿಲುಗಳು ದೊರೆತು, ಒಂದೊಂದಾಗಿ ಏರಿ ಒಗ್ಗುವ ಅವಕಾಶವಾಯಿತು. ಅದರ ಮೇಲೆ, ನೀರಿನ ಅನುಕೂಲವುಳ್ಳವರು ಬೆಳೆಯನ್ನು ಫೆಬ್ರುವರಿ ಮಾರ್ಚ್‌ವರೆಗೂ ಹೊಲದಲ್ಲಿ ಇಟ್ಟುಕೊಂಡು ಕೊನೆಯ ಕಾಯಿಗಳ ಆಶೆಗೆ ಹುಳುವಿನ ಎರಡು ಮೂರು ಹೆಚ್ಚಿನ ತಲೆಮಾರುಗಳನ್ನು ಸಾಕಿದರು. ಆ ಕೊನೆಯ ಆಯಿಕೆಯ ಹತ್ತಿಗೆ ದರವೂ ಸಿಕ್ಕುವದಿಲ್ಲ, ಆಳಿನ ಕೂಲಿಯೂ ಏಳುವದಿಲ್ಲವೆಂಬದನ್ನು ಲೆಕ್ಕ ಹಾಕಿ ನೋಡಿದವರೇ ಒಪ್ಪುವರು.

ಗೋವಿನಜೋಳದವರು ಇದು ಹತ್ತಿಯವರ ಕಷ್ಟವೆಂದು ನಿಶ್ಚಿಂತರಾಗಿರುವಂತಿಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡುಬಂದು ಅದೇ ವರ್ಷ ನಾಡೆಲ್ಲ ಹಬ್ಬಿದ ಸೈನಿಕ ಹುಳುವು ಅಮೆರಿಕಾ ಖಂಡದಿಂದ ಬಂದದ್ದು. ಅದೇ ಜಾತಿಯು ಪ್ಯೂರ್ಟೊರಿಕೊ ದ್ವೀಪದಲ್ಲಿ ಬಿ.ಟಿ. ಗೋವಿನಜೋಳಕ್ಕೆ 2006ರಲ್ಲಿಯೇ ಒಗ್ಗಿತ್ತು. ಅಲ್ಲಿಯೂ ಕೆಟ್ಟದ್ದು ಎ.ಬಿ.ಸಿ. ವರ್ಗದ ಇನ್ನೊಂದು ಏತವೇ.

ಇದ್ದ ಸ್ಥಿತಿಯಲ್ಲಿ ಹತ್ತಿಯವರು ಮಾಡತಕ್ಕದ್ದೇನು? ಏತವನ್ನು ಕಳೆದುಕೊಂಡ ಹುಳುವಿಗೆ ಬಿ.ಟಿ. ವಿಷದ ಪ್ರಮಾಣವನ್ನು ಹೆಚ್ಚಿಸಿ ಫಲವಿಲ್ಲ. ಗೂಟವೇ ಇಲ್ಲದ ಮೇಲೆ ಹಗ್ಗ ಎಷ್ಟು ಗಟ್ಟಿಯಾದರೇನು? ಕೊಲ್ಲುವದಕ್ಕಿಂತ ಹಸಿವಿನಿಂದ ಸಾಯಗೊಡುವದು ಇಲ್ಲಿ ಸುಲಭವಾದ ದಾರಿಯಾಗಿದೆ. ಗುಲಾಬಿ ಹುಳುವು ಹತ್ತಿಯ ಹೊರತು ಬೇರೆ ಬೆಳೆಯ ಮೇಲೆ ಬಾಳುವದು ಅಪರೂಪ. ಊರವರೆಲ್ಲ ಮುಂಗಾರಿನಲ್ಲಿ ಒಂದೇ ಅವಧಿಯೊಳಗೆ, ಬೇಗನೆ ಮುಗಿಯುವ ತಳಿಯನ್ನು ಬಿತ್ತಿ, ಡಿಸೆಂಬರ್ ಮುಗಿಯುವದರೊಳಗೆ ಬೆಳೆಯನ್ನು ತೆಗೆದುಹಾಕಿದರೆ ಮುಂದಿನ ಮುಂಗಾರಿನವರೆಗೆ ಹುಳುವಿಗೆ ಅನ್ನವಿರುವದಿಲ್ಲ. ಆಯಿಕೆ ಮುಗಿದ ಹೊಲಕ್ಕೆ ಕುರಿ ಆಡುಗಳನ್ನು ಬಿಟ್ಟು ಉಳಿದ ಕಾಯಿಗಳನ್ನು ಮೇಯಿಸುವದು ಯೋಗ್ಯ. ಕುರುಬರ ಹಿಂಡುಗಳು ಬರುವ ಕಾಲವನ್ನು ನೋಡಿಕೊಂಡು ಗೌಡರು ಇದನ್ನು ಊರಿಗೆಲ್ಲ ಒಟ್ಟಿಗೆ ಏರ್ಪಡಿಸಬಹುದು. ಬಳಿಕ ಹತ್ತಿಕಟ್ಟಿಗೆಯನ್ನು ಬೇರುಸಹಿತ ಕಿತ್ತು, ಯಂತ್ರದಿಂದ ಪುಡಿಮಾಡಿ ಮಣ್ಣಿಗೆ ಸೇರಿಸಬೇಕು ಇಲ್ಲವೆ ಗೊಬ್ಬರದ ಗುಂಡಿಗೆ ಹಾಕಬೇಕು. ಉರುವಲಿಗೆಂದು ಹಿತ್ತಿಲಲ್ಲಿ ಮಳೆಗಾಲದವರೆಗೆ ಒಟ್ಟಿಟ್ಟ ಒಂದು ಬಣವೆಯು, ಅದರ ಒಣಗಾಯಿಗಳಲ್ಲಿ ಮಲಗಿರುವ ಹುಳುಗಳ ಮೂಲಕ, ನೆರೆಯ ಹೊಲಗಳ ಶ್ರಮವನ್ನೆಲ್ಲ ಕೆಡಿಸಬಲ್ಲದು. ಪತಂಗಕ್ಕೆ ಬದುವಿನ ಕಲ್ಲು ಕಾಣುವದಿಲ್ಲ. ಹತ್ತಿ ಬೆಳೆಯುವ ಹತ್ತು ಜನರಲ್ಲಿ ಒಂಬತ್ತು ಜನ ಕಟ್ಟಿಗೆ ಕಿತ್ತು ಒಬ್ಬನು ಬಿಟ್ಟರೆ ಆ ಒಬ್ಬನ ಹೊಲವೇ ಎಲ್ಲರ ಹುಳುವಿಗೆ ತವರುಮನೆಯಾಗುವದು. ಆದುದರಿಂದಲೇ ಈ ಕೆಲಸಕ್ಕೆ ಊರ ಹಿರಿಯರ ಮಾತು ಬೇಕು. ಔಷಧದ ಅಂಗಡಿಯವನಿಂದ ಇದು ಆಗತಕ್ಕದ್ದಲ್ಲ.

ಬೆಳೆ ನಿಂತಿರುವಾಗ ಬಿತ್ತಿ 45 ದಿವಸಗಳಾದ ಮೇಲೆ ಹೆಕ್ಟೇರಿಗೆ ಐದರಂತೆ ಮೋಹಕ ಬಲೆಗಳನ್ನು ಕಟ್ಟಿ ದಿನವೂ ಎಣಿಸಬೇಕು. ಒಂದು ಬಲೆಗೆ ರಾತ್ರಿಗೆ 8 ಪತಂಗಗಳಂತೆ ಸತತವಾಗಿ ಮೂರು ರಾತ್ರಿ ಬಿದ್ದರೆ ಎಚ್ಚರಗೊಳ್ಳತಕ್ಕದ್ದು. ಎಸಳು ಬಿಚ್ಚದೆ ಗುಲಾಬಿಯ ಮೊಗ್ಗಿನಂತೆ ಮುದುಡಿಕೊಂಡ ಹೂಗಳನ್ನು ಕಂಡಲ್ಲಿ ಕಿತ್ತು ನಾಶಮಾಡಬೇಕು. ಎಕರೆಗೆ 20 ಎಳೆಗಾಯಿಗಳನ್ನು ಬೇರೆ ಬೇರೆ ಗಿಡಗಳಿಂದ ಕಿತ್ತು ಸೀಳಿ ನೋಡಿ, ಎರಡರಲ್ಲಿ ಜೀವಂತ ಹುಳು ಸಿಕ್ಕಿದಾಗ ಮಾತ್ರ ಸಿಂಪರಣೆಯ ಮಾತು. ಆಗಲೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಔಷಧದ ಗುಂಪನ್ನು ಕೇಳಿ ತಿಳಿದು, ಒಮ್ಮೆ ಹೊಡೆದ ಗುಂಪನ್ನೇ ಮತ್ತೊಮ್ಮೆ ಹೊಡೆಯದಂತೆ ನೋಡಿಕೊಳ್ಳತಕ್ಕದ್ದು. ಎರಡು ಮೂರು ಔಷಧಗಳನ್ನು ಒಂದೇ ಡಬ್ಬಿಯಲ್ಲಿ ಕಲಸಿ ಹೊಡೆಯಕೂಡದು. ಹೆಣ್ಣು ಪತಂಗದ ವಾಸನೆಯನ್ನು ಹೊಲದ ತುಂಬ ಹರಡಿ ಗಂಡಿನ ದಾರಿ ತಪ್ಪಿಸುವ ವಾಸನೆಯ ದಾರಗಳೂ ಈಗ ದೊರೆಯುತ್ತವೆ. ಅವುಗಳ ವಿರುದ್ಧ ಏತದ ಆಟ ನಡೆಯದು. ಆದರೆ ಬಿಡಿ ಹೊಲಕ್ಕೆ ಅವುಗಳಿಂದ ಪ್ರಯೋಜನ ಕಡಿಮೆ. ಒಂದಕ್ಕೊಂದು ತಾಗಿದ ದೊಡ್ಡ ಕ್ಷೇತ್ರಕ್ಕೆ ಒಮ್ಮೆಲೆ ಕಟ್ಟಿದರೆ ಗುಣ ಕಾಣುವದು.

ಕಡೆಯದಾಗಿ ಜಿನ್ನುಗಳ ಮಾತೊಂದು ಉಳಿದಿದೆ. ಗುಲಾಬಿ ಹುಳುವು ಎರಡು ಬೀಜಗಳನ್ನು ನೂಲಿನಿಂದ ಹೊಲಿದು ಅವುಗಳ ನಡುವೆ ತಿಂಗಳುಗಟ್ಟಲೆ ಮಲಗಿರಬಲ್ಲದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಹತ್ತಿಬೀಜದೊಡನೆ ಅದು ಈಜಿಪ್ತ ದೇಶಕ್ಕೆ ಹೋದದ್ದೂ ಹೀಗೆಯೇ. ಅಲ್ಲಿಯ ಸರಕಾರವು ಕಟ್ಟಿಗೆ ಕೀಳುವದನ್ನೂ, ಜಿನ್ನಿನಲ್ಲಿ ಬೀಜಕ್ಕೆ ಕಾವು ಕೊಟ್ಟು ಹುಳುವನ್ನು ಕೊಲ್ಲುವದನ್ನೂ ಕಾಯಿದೆಯಿಂದ ಕಡ್ಡಾಯಮಾಡಬೇಕಾಯಿತು. ಈ ಭಾಗದಲ್ಲಿ ಜಿನ್ನಿನ ಅಂಗಳದಲ್ಲಿಯೂ ಹತ್ತಿಯ ಗೋದಾಮುಗಳ ಸುತ್ತಲೂ ಬೇಸಗೆಯಿಡೀ ಮೋಹಕ ಬಲೆಗಳನ್ನು ಕಟ್ಟಿಡುವದೂ, ಹತ್ತಿಕಾಳನ್ನು ಮಳೆ ಬೀಳುವದಕ್ಕೆ ಮುಂಚೆ ಗಾಣಕ್ಕೆ ಕಳಿಸಿ ಮುಗಿಸುವದೂ ಆಗತಕ್ಕದ್ದು. ಜಿನ್ನಿನ ಹತ್ತಿರ ಹೊಲವುಳ್ಳವರು ಮೊದಲ ಹೂವು ಬಿಡುವ ಹೊತ್ತಿನಿಂದಲೇ ತಮ್ಮ ಬಲೆಗಳನ್ನು ಇತರರಿಗಿಂತ ಹೆಚ್ಚು ಲಕ್ಷ್ಯದಿಂದ ಎಣಿಸತಕ್ಕದ್ದು.